ಸದಾ ತೆರೆದಿರುವ ಪುಸ್ತಕ: ಹೈಡಲ್‌ಬರ್ಗ್ ವಿಶ್ವವಿದ್ಯಾಲಯವೂ ಅಲ್ಲಿಗೆ ಬಂದ ಪರದೇಶದ ವಿದ್ಯಾರ್ಥಿಗಳೂ



ಕೆಲವು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿಯೂ ದೂರವಾಣಿ ಕರೆಗಳಲ್ಲಿಯೂ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. “ಮೇಷ್ಟ್ರೇ, ಮಗಳಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿದೆ. ಸರ್ಕಾರಿ ವಿಶ್ವವಿದ್ಯಾಲಯವಂತೆ. ಫೀಸು ಇಲ್ಲ, ಇದ್ದರೂ ಬಹಳ ಕಡಿಮೆ ಅನ್ನುತ್ತಾರೆ. ಅಷ್ಟು ಅಗ್ಗದ ಓದು ಚೆನ್ನಾಗಿರುತ್ತದೆಯೇ?” ಪ್ರಶ್ನೆ ಕೇಳುವವರ ದನಿಯಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಈ ಅನುಮಾನ ಹೊಸದಲ್ಲ. ಹಣ ಕೊಡದೆ ಸಿಗುವ ವಿದ್ಯೆ ಕೀಳು ವಿದ್ಯೆ ಎಂಬ ನಂಬಿಕೆ ನಮ್ಮಲ್ಲಿ ಯಾವಾಗ ಬೇರೂರಿತೋ ತಿಳಿಯದು. ಆ ನಂಬಿಕೆಯಿಂದ ಎಷ್ಟೋ ಒಳ್ಳೆಯ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಬಾಗಿಲು ಮುಚ್ಚಿದ್ದನ್ನು ಮಾತ್ರ ಕಂಡಿದ್ದೇನೆ.

ವೀಸಾ, ಅರ್ಜಿ, ಬ್ಯಾಂಕ್ ಖಾತೆಗಳ ವಿಷಯದಲ್ಲಿ ಸಲಹೆ ಕೊಡಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಇತಿಹಾಸದ ಮೇಷ್ಟ್ರು ಹೇಳಬಹುದಾದದ್ದು ಬೇರೆ. ಈ ಬಾಗಿಲು ಹೇಗೆ ತೆರೆಯಿತು, ಯಾರಿಗೆ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ತಿಳಿದರೆ ಆ ಓದಿನ ಬೆಲೆ ತಾನಾಗಿಯೇ ತಿಳಿಯುತ್ತದೆ. ಎಲ್ಲ ಜರ್ಮನ್ ವಿಶ್ವವಿದ್ಯಾಲಯಗಳ ಕಥೆಯನ್ನೂ ಹೇಳಹೊರಟರೆ ಮುಗಿಯಲಾರದು. ಆದ್ದರಿಂದ ಇಂದಿನ ಜರ್ಮನಿಯಲ್ಲಿ ಅತ್ಯಂತ ಹಳೆಯದೆನಿಸಿದ, ನೆಕರ್ ನದಿಯ ದಡದ ಹೈಡಲ್‌ಬರ್ಗ್ ವಿಶ್ವವಿದ್ಯಾಲಯವೊಂದನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪರದೇಶದಿಂದ ಬಂದ ಮೊದಲ ಕುಲಪತಿ

ಹೈಡಲ್‌ಬರ್ಗಿನ ಹುಟ್ಟಿಗೆ ಒಂದು ಜಗಳವೇ ಕಾರಣ. 1378ರಲ್ಲಿ ಕ್ರೈಸ್ತ ಜಗತ್ತು ಒಡೆಯಿತು. ರೋಮಿನಲ್ಲಿ ಒಬ್ಬ ಪೋಪ್, ಅವಿನ್ಯೋನಿನಲ್ಲಿ ಇನ್ನೊಬ್ಬ ಪೋಪ್. ಫ್ರಾನ್ಸ್ ಅವಿನ್ಯೋನಿನ ಪೋಪನ ಪಕ್ಷ ವಹಿಸಿತು. ಜರ್ಮನ್ ರಾಜ್ಯಗಳಲ್ಲಿ ಬಹುಪಾಲು ರೋಮಿನ ಕಡೆ ನಿಂತವು. ಅಲ್ಲಿಯವರೆಗೆ ಉನ್ನತ ವಿದ್ಯೆಗಾಗಿ ಪ್ಯಾರಿಸ್ಸಿಗೆ ಹೋಗುತ್ತಿದ್ದ ಜರ್ಮನ್ ಪ್ರಾಂತ್ಯಗಳ ಗುರುಶಿಷ್ಯರಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ಪ್ಯಾಲಟಿನೇಟ್ ಪ್ರಾಂತ್ಯದ ಅರಸ ಒಂದನೆಯ ರುಪ್ರೆಖ್ಟ್ ಈ ಸಂದರ್ಭವನ್ನು ಬಳಸಿಕೊಂಡನು. 1385ರಲ್ಲಿ ರೋಮಿನ ಪೋಪ್ ಆರನೆಯ ಅರ್ಬನನಿಂದ ಅನುಮತಿ ಪಡೆದು, ತನ್ನ ರಾಜಧಾನಿಯಾದ ಸಣ್ಣ ಊರಿನಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದನು. 1386ರ ಅಕ್ಟೋಬರ್ 19ರಂದು ಮೊದಲ ಪಾಠ ನಡೆಯಿತು.

ಅದರ ಮೊದಲ ಕುಲಪತಿ ಇಂಘೆನ್ನಿನ ಮಾರ್ಸಿಲಿಯಸ್. ಆತ ಈ ಪ್ರಾಂತ್ಯದವನಲ್ಲ. ಇಂದಿನ ನೆದರ್ಲ್ಯಾಂಡ್ಸಿನ ಕಡೆಯವನು. ಓದಿದ್ದು, ಪಾಠ ಹೇಳಿದ್ದು ಪ್ಯಾರಿಸ್ಸಿನಲ್ಲಿ. ಹೊಸ ವಿದ್ಯಾಪೀಠವನ್ನು ಪ್ಯಾರಿಸ್ಸಿನ ಮಾದರಿಯಲ್ಲಿಯೇ ಕಟ್ಟಿದವನೂ ಅವನೇ. ಪಾಠಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿದ್ದುದರಿಂದ ಪೋಲೆಂಡಿನಿಂದ ಬಂದವನಿಗೂ ಪಕ್ಕದ ಹಳ್ಳಿಯಿಂದ ಬಂದವನಿಗೂ ಕಷ್ಟ ಒಂದೇ ಆಗಿತ್ತು. ವಿಶ್ವವಿದ್ಯಾಲಯದ ಧ್ಯೇಯವಾಕ್ಯ ‘ಸೆಂಪರ್ ಅಪೆರ್ಟುಸ್’, ಎಂದರೆ ‘ಸದಾ ತೆರೆದಿರುವುದು’. ವಿದ್ಯೆಯ ಪುಸ್ತಕ ಎಂದೆಂದಿಗೂ ತೆರೆದೇ ಇರುತ್ತದೆ ಎಂಬುದು ಅದರ ಭಾವ.

ಆದರೆ ಇತಿಹಾಸವನ್ನು ಓದುವವರು ಧ್ಯೇಯವಾಕ್ಯಗಳನ್ನು ನಂಬಿ ಸುಮ್ಮನಾಗಬಾರದು. ಸ್ಥಾಪನೆಯಾಗಿ ನಾಲ್ಕೇ ವರ್ಷಕ್ಕೆ, 1390ರಲ್ಲಿ, ರುಪ್ರೆಖ್ಟನ ಉತ್ತರಾಧಿಕಾರಿಯು ಯಹೂದಿಗಳನ್ನು ಊರಿನಿಂದ ಹೊರಗಟ್ಟಿದನು. ಅವರ ಮನೆಗಳನ್ನು ವಿಶ್ವವಿದ್ಯಾಲಯಕ್ಕೆ ಕೊಡಲಾಯಿತು; ಅವರ ಪ್ರಾರ್ಥನಾಮಂದಿರ ವಿಶ್ವವಿದ್ಯಾಲಯದ ಆರಾಧನಾಮಂದಿರವಾಯಿತು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರನ್ನು ಮನೆ ಬಿಡಿಸಿ ತೆರೆದದ್ದಾಗಿತ್ತು. ಮುಂದಿನ ಆರು ಶತಮಾನಗಳ ಕಥೆಯಲ್ಲಿ ಈ ಎರಡು ಎಳೆಗಳೂ ಜೊತೆಜೊತೆಯಾಗಿಯೇ ಸಾಗುತ್ತವೆ.

ಬೂದಿಯಿಂದ ಎದ್ದ ಸರ್ಕಾರಿ ವಿದ್ಯಾಪೀಠ

ಹದಿನೇಳನೆಯ ಶತಮಾನ ಈ ಊರಿಗೆ ಕೆಟ್ಟ ಕಾಲ. ಮೂವತ್ತು ವರ್ಷಗಳ ಯುದ್ಧದಲ್ಲಿ, 1622ರಲ್ಲಿ, ಶತ್ರುಸೇನೆ ಹೈಡಲ್‌ಬರ್ಗನ್ನು ವಶಪಡಿಸಿಕೊಂಡಿತು. ಯುರೋಪಿನಲ್ಲೇ ಹೆಸರಾಗಿದ್ದ ಅಲ್ಲಿನ ‘ಪ್ಯಾಲಟಿನಾ’ ಗ್ರಂಥಭಂಡಾರವನ್ನು ಗೆದ್ದವರು ಪೋಪನಿಗೆ ಕಾಣಿಕೆಯಾಗಿ ಅರ್ಪಿಸಿದರು. ಹಸ್ತಪ್ರತಿಗಳೂ ಪುಸ್ತಕಗಳೂ ಆಲ್ಪ್ಸ್ ಪರ್ವತವನ್ನು ದಾಟಿ ರೋಮ್ ಸೇರಿದವು. 1816ರಲ್ಲಿ ಜರ್ಮನ್ ಭಾಷೆಯ 847 ಹಸ್ತಪ್ರತಿಗಳು ಹಿಂತಿರುಗಿದವು. ಉಳಿದ ಬಹುಭಾಗ ಇಂದಿಗೂ ವ್ಯಾಟಿಕನ್ನಿನಲ್ಲಿಯೇ ಇದೆ. ಯುದ್ಧದ ನಂತರ 1652ರಲ್ಲಿ ವಿಶ್ವವಿದ್ಯಾಲಯ ಮತ್ತೆ ತೆರೆಯಿತು. ಆ ಶತಮಾನ ಮುಗಿಯುವ ಮೊದಲೇ, 1693ರಲ್ಲಿ, ಫ್ರೆಂಚ್ ಸೇನೆ ಊರನ್ನೇ ಸುಟ್ಟಿತು.

ಈ ಎರಡು ಆಪತ್ತುಗಳ ನಡುವೆ ನಡೆದ ಒಂದು ಸಣ್ಣ ಘಟನೆ ನನಗೆ ಬಹಳ ಮುಖ್ಯವೆನಿಸುತ್ತದೆ. 1673ರಲ್ಲಿ ಹೈಡಲ್‌ಬರ್ಗ್ ತನ್ನ ತತ್ತ್ವಶಾಸ್ತ್ರದ ಪೀಠಕ್ಕೆ ಹಾಲೆಂಡಿನ ಸ್ಪಿನೋಜನನ್ನು ಆಹ್ವಾನಿಸಿತು. ಮಸೂರಗಳನ್ನು ಉಜ್ಜಿ ಜೀವನ ಸಾಗಿಸುತ್ತಿದ್ದ, ತನ್ನ ಯಹೂದಿ ಸಮುದಾಯದಿಂದ ಬಹಿಷ್ಕೃತನಾಗಿದ್ದ ಬಡ ದಾರ್ಶನಿಕನಿಗೆ ಅರಸನೊಬ್ಬನ ಆಹ್ವಾನ! ವಿಚಾರ ಮಾಡಲು ಪೂರ್ಣ ಸ್ವಾತಂತ್ರ್ಯವಿರುತ್ತದೆ, ಆದರೆ ಪ್ರಚಲಿತ ಧರ್ಮವನ್ನು ಕದಡಲು ಆ ಸ್ವಾತಂತ್ರ್ಯವನ್ನು ಬಳಸುವುದಿಲ್ಲವೆಂದು ನಂಬಿದ್ದೇವೆ ಎಂಬ ಅರ್ಥದ ಮಾತು ಪತ್ರದಲ್ಲಿತ್ತು. ಆ ಸ್ವಾತಂತ್ರ್ಯದ ಎಲ್ಲೆ ಎಲ್ಲಿದೆಯೋ ನನಗೆ ತಿಳಿಯದು ಎಂದು ಸ್ಪಿನೋಜನು ವಿನಯದಿಂದಲೇ ಬರೆದು ಪೀಠವನ್ನು ನಿರಾಕರಿಸಿದನು. ಬಾಗಿಲು ಅರ್ಧ ತೆರೆದಿದ್ದರೆ ಒಳಗೆ ಹೋಗಬೇಕೇ ಬೇಡವೇ ಎಂಬುದನ್ನು ಹೊರಗಿನವನೂ ಯೋಚಿಸಬೇಕಾಗುತ್ತದೆ.

1803ರಲ್ಲಿ ಈ ಪ್ರದೇಶ ಬಾಡೆನ್ ಸಂಸ್ಥಾನಕ್ಕೆ ಸೇರಿತು. ದಿವಾಳಿಯ ಅಂಚಿನಲ್ಲಿದ್ದ ವಿದ್ಯಾಪೀಠವನ್ನು ಬಾಡೆನ್ನಿನ ಅರಸ ಕಾರ್ಲ್ ಫ್ರೀಡ್ರಿಖ್ ಸರ್ಕಾರದ ಸಂಸ್ಥೆಯನ್ನಾಗಿ ಪುನರ್ರಚಿಸಿ, ಬೊಕ್ಕಸದಿಂದ ಅದರ ವೆಚ್ಚವನ್ನು ಹೊತ್ತನು. ಅದರ ಪೂರ್ಣ ಹೆಸರಿನಲ್ಲಿ ಸ್ಥಾಪಕ ರುಪ್ರೆಖ್ಟನ ಜೊತೆಗೆ ಕಾರ್ಲನ ಹೆಸರೂ ಸೇರಿರುವುದು ಇದೇ ಕಾರಣಕ್ಕೆ. ಗಮನಿಸಿ: ಈ ವಿಶ್ವವಿದ್ಯಾಲಯದ ಕೀರ್ತಿಯ ಕಾಲ ಆರಂಭವಾದದ್ದು ಅದು ಸರ್ಕಾರದ್ದಾದ ಮೇಲೆ. ಸರ್ಕಾರಿ ಎಂದರೆ ಕಳಪೆ ಎನ್ನುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾಗಿಲು ತಟ್ಟಿದವರು

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದ್ದ ಬುನ್ಸೆನ್ ಬರ್ನರ್ ನಿಮಗೆಲ್ಲ ನೆನಪಿರಬಹುದು. ಅದಕ್ಕೆ ಹೆಸರು ಕೊಟ್ಟ ರಾಬರ್ಟ್ ಬುನ್ಸೆನ್ 1852ರಿಂದ ಹೈಡಲ್‌ಬರ್ಗಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ. ಆತ ಕಿರ್ಕ್‌ಹಾಫನ ಜೊತೆಗೂಡಿ, ಬೆಳಕಿನ ವರ್ಣಪಟಲವನ್ನು ನೋಡಿ ಮೂಲವಸ್ತುಗಳನ್ನು ಗುರುತಿಸುವ ವಿಧಾನವನ್ನು ಕಂಡುಹಿಡಿದನು. ಅದೇ ವಿಧಾನದಿಂದ 1860 ಮತ್ತು 1861ರಲ್ಲಿ ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳು ಗೋಚರವಾದವು. ಇಂಥ ಗುರುಗಳಿದ್ದ ಕಡೆಗೆ ಲೋಕದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬಂದದ್ದು ಸಹಜವೇ.

ಅವರಲ್ಲಿ ರಷ್ಯಾದ ಮೆಂಡಲೇವ್ ಒಬ್ಬ. 1859ರಿಂದ 1861ರವರೆಗೆ ಆತ ಇಲ್ಲಿದ್ದ. ಬುನ್ಸೆನ್ನನ ಪ್ರಯೋಗಾಲಯ ತನ್ನ ಸೂಕ್ಷ್ಮ ಕೆಲಸಕ್ಕೆ ಒಗ್ಗದೆ, ತಾನು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿಯೇ ಸಣ್ಣ ಪ್ರಯೋಗಾಲಯ ಹೂಡಿದನು. 1860ರ ಸೆಪ್ಟೆಂಬರಿನಲ್ಲಿ ಸಮೀಪದ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಅಲ್ಲಿಗೆ ಹೋಗಿ, ಪರಮಾಣು ತೂಕಗಳ ಬಗ್ಗೆ ಇಟಲಿಯ ಕನ್ನಿಜಾರೋ ಮಂಡಿಸಿದ ವಾದವನ್ನು ಕೇಳಿದನು. ಒಂಬತ್ತು ವರ್ಷಗಳ ಬಳಿಕ ಆತ ರಚಿಸಿದ ಆವರ್ತ ಕೋಷ್ಟಕಕ್ಕೆ ಆ ತೂಕಗಳೇ ಆಧಾರವಾದವು. ಪರದೇಶದ ಓದಿನಲ್ಲಿ ತರಗತಿಯಷ್ಟೇ ಮುಖ್ಯವಾದದ್ದು ತರಗತಿಯ ಹೊರಗೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನೊಬ್ಬರ ಕಥೆ ಹೆಚ್ಚು ಜನಕ್ಕೆ ತಿಳಿದಿಲ್ಲ. ಜೇಮ್ಸ್ ಪೆನ್ನಿಂಗ್ಟನ್ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿದ್ದವರು; 1827ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದವರು. ಅಮೆರಿಕದ ಯೇಲ್ ವಿದ್ಯಾಪೀಠದಲ್ಲಿ ಅವರಿಗೆ ಪಾಠ ಕೇಳಲು ಅವಕಾಶವಿತ್ತು. ಆದರೆ ವಿದ್ಯಾರ್ಥಿಯೆಂದು ದಾಖಲಾಗುವಂತಿರಲಿಲ್ಲ, ತರಗತಿಯಲ್ಲಿ ಮಾತನಾಡುವಂತಿರಲಿಲ್ಲ, ಗ್ರಂಥಾಲಯದಿಂದ ಪುಸ್ತಕ ಪಡೆಯುವಂತಿರಲಿಲ್ಲ. ಆ ಪೆನ್ನಿಂಗ್ಟನ್ನರಿಗೆ 1849ರಲ್ಲಿ ಹೈಡಲ್‌ಬರ್ಗ್ ಧರ್ಮಶಾಸ್ತ್ರದ ಗೌರವ ಡಾಕ್ಟರೇಟನ್ನು ನೀಡಿತು. ಆ ಹೊತ್ತಿನಲ್ಲಿ ಅವರ ದೇಶದ ಕಾನೂನಿನ ಪ್ರಕಾರ ಅವರು ಇನ್ನೂ ಒಬ್ಬ ಯಜಮಾನನ ಸ್ವತ್ತು! ಹಿತೈಷಿಗಳು ಹಣ ಕೊಟ್ಟು ಅವರ ಬಿಡುಗಡೆಯನ್ನು ಖರೀದಿಸಿದ್ದು 1851ರಲ್ಲಿ. ಒಂದು ದೇಶದಲ್ಲಿ ವಸ್ತು, ಇನ್ನೊಂದು ದೇಶದಲ್ಲಿ ವಿದ್ವಾಂಸ. ತೆರೆದ ಬಾಗಿಲೊಂದು ಏನು ಮಾಡಬಲ್ಲದೆಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನು ಹೇಳುತ್ತೇನೆ.

ಆದರೆ ಅದೇ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. 1869ರಲ್ಲಿ ಹತ್ತೊಂಬತ್ತು ವರ್ಷದ ಸೋಫಿಯಾ ಕೊವಲೆವ್‌ಸ್ಕಾಯಾ ಗಣಿತ ಕಲಿಯಲೆಂದು ರಷ್ಯಾದಿಂದ ಹೈಡಲ್‌ಬರ್ಗಿಗೆ ಬಂದಳು. ತಂದೆಯ ಇಲ್ಲವೇ ಗಂಡನ ಒಪ್ಪಿಗೆಯಿಲ್ಲದೆ ರಷ್ಯಾದ ಹೆಣ್ಣು ದೇಶ ಬಿಡುವಂತಿರಲಿಲ್ಲ. ಅದಕ್ಕಾಗಿಯೇ ಆಕೆ ಹೆಸರಿಗೊಂದು ಮದುವೆ ಮಾಡಿಕೊಂಡಿದ್ದಳು. ಇಲ್ಲಿ ಆಕೆಗೆ ದಾಖಲಾತಿ ಸಿಗಲಿಲ್ಲ. ಒಬ್ಬೊಬ್ಬ ಪ್ರಾಧ್ಯಾಪಕರನ್ನೂ ಪ್ರತ್ಯೇಕವಾಗಿ ಕಂಡು, ಅವರು ಒಪ್ಪಿದರೆ ಮಾತ್ರ ಪಾಠ ಕೇಳಬೇಕಾಗಿತ್ತು. ಹಾಗೆಯೇ ಕೇಳಿದಳು. ಮರುವರ್ಷ ಬರ್ಲಿನ್ನಿಗೆ ಹೋದಾಗ ಅಲ್ಲಿ ಆ ಅವಕಾಶವೂ ಇಲ್ಲದೆ, ವೈಯರ್‌ಸ್ಟ್ರಾಸ್ ಎಂಬ ಮಹಾ ಗಣಿತಜ್ಞ ನಾಲ್ಕು ವರ್ಷ ಮನೆಪಾಠ ಹೇಳಿದನು. 1874ರಲ್ಲಿ ಗ್ಯೋಟಿಂಗನ್ ವಿಶ್ವವಿದ್ಯಾಲಯ ಆಕೆಗೆ ಡಾಕ್ಟರೇಟ್ ಕೊಟ್ಟಿತು. ಮುಂದೆ ಆಕೆ ಸ್ಟಾಕ್‌ಹೋಮಿನಲ್ಲಿ ಪ್ರಾಧ್ಯಾಪಕಿಯಾದಳು. ಬಾಡೆನ್ ಸಂಸ್ಥಾನವು ಹೆಣ್ಣುಮಕ್ಕಳನ್ನು ಪೂರ್ಣ ವಿದ್ಯಾರ್ಥಿಗಳೆಂದು ಒಪ್ಪಿದ್ದು 1900ರಲ್ಲಿ. ಜರ್ಮನಿಯಲ್ಲಿ ಅದೇ ಮೊದಲು. ಇಂದು ನಮ್ಮ ಹಳ್ಳಿಯ ಹುಡುಗಿಯೊಬ್ಬಳು ಆ ದಾಖಲಾತಿ ಪತ್ರವನ್ನು ಕೈಯಲ್ಲಿ ಹಿಡಿದಾಗ, ಅದರ ಹಿಂದೆ ಒಬ್ಬೊಬ್ಬ ಪ್ರಾಧ್ಯಾಪಕರ ಬಾಗಿಲನ್ನೂ ತಟ್ಟಿದ ಆ ರಷ್ಯನ್ ಹುಡುಗಿಯ ಪಾಲೂ ಇದೆ ಎಂದು ತಿಳಿಯಬೇಕು.

ಏಷ್ಯಾದಿಂದ ಬಂದವರೂ ಇದ್ದರು. ಫಿಲಿಪ್ಪೀನ್ಸಿನ ಹೋಸೆ ರಿಸಾಲ್ 1886ರಲ್ಲಿ ಇಲ್ಲಿನ ಕಣ್ಣಿನ ಆಸ್ಪತ್ರೆಯಲ್ಲಿ ಪ್ರೊಫೆಸರ್ ಬೆಕರ್ ಅವರ ಬಳಿ ನೇತ್ರಚಿಕಿತ್ಸೆ ಕಲಿತರು. ತಾಯಿಯ ಕಣ್ಣು ಮಂಜಾಗುತ್ತಿದ್ದುದು ಅವರ ಚಿಂತೆಯಾಗಿತ್ತು. ಸ್ಪೇನಿನ ಆಳ್ವಿಕೆಯ ಅನ್ಯಾಯಗಳನ್ನು ಬಯಲಿಗೆಳೆದ ಅವರ ಕಾದಂಬರಿ ಮರುವರ್ಷ ಬರ್ಲಿನ್ನಿನಲ್ಲಿ ಅಚ್ಚಾಯಿತು. 1896ರಲ್ಲಿ ಆ ಆಳ್ವಿಕೆ ಅವರನ್ನು ಗುಂಡಿಕ್ಕಿ ಕೊಂದಿತು. ಕವಿ ಮಹಮ್ಮದ್ ಇಕ್ಬಾಲ್ 1907ರಲ್ಲಿ ಜರ್ಮನ್ ಭಾಷೆ ಕಲಿಯಲು ಈ ಊರಿಗೆ ಬಂದರು. ಡಾಕ್ಟರೇಟ್ ಪಡೆದದ್ದು ಮ್ಯೂನಿಕ್ಕಿನಲ್ಲಿ. ನೆಕರ್ ನದಿಯ ದಡದ ಒಂದು ರಸ್ತೆಗೆ ಇಂದು ಅವರ ಹೆಸರಿದೆ.

ವಿದ್ಯಾರ್ಥಿ ಜೀವನವೆಲ್ಲ ಗಂಭೀರವೇ ಆಗಿತ್ತೆಂದು ಭಾವಿಸಬೇಡಿ. ವಿದ್ಯಾರ್ಥಿಗಳ ತಪ್ಪುಗಳನ್ನು ವಿಚಾರಿಸುವ ಅಧಿಕಾರ ವಿಶ್ವವಿದ್ಯಾಲಯಕ್ಕೇ ಇದ್ದುದರಿಂದ ಅದಕ್ಕೊಂದು ಸ್ವಂತ ಸೆರೆಮನೆಯೂ ಇತ್ತು! 1778ರಿಂದ 1914ರವರೆಗೆ, ಕುಡಿದು ಗಲಾಟೆ ಮಾಡಿದವರು, ರಾತ್ರಿ ಊರವರ ನಿದ್ದೆ ಕೆಡಿಸಿದವರು, ಕತ್ತಿವರಸೆಯ ದ್ವಂದ್ವಕ್ಕಿಳಿದವರು ಅಲ್ಲಿ ಕೆಲವು ದಿನ ಕೂರಬೇಕಾಗಿತ್ತು. ಗೋಡೆಯ ತುಂಬ ಅವರು ಬರೆದ ಹೆಸರು, ಚಿತ್ರ, ತಮಾಷೆಗಳು ಇಂದಿಗೂ ಉಳಿದಿವೆ. ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೆತ್ತಿ ನನ್ನಿಂದ ಬೈಸಿಕೊಂಡವರು ಈಗ ಸಮಾಧಾನಪಟ್ಟುಕೊಳ್ಳಬಹುದು.

ಗೋಡೆಯ ಮೇಲಿನ ಅಕ್ಷರಗಳು

ಮೊದಲನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ಬಗ್ಗೆ ಲೋಕಕ್ಕೆ ದ್ವೇಷ, ಜರ್ಮನಿಗೆ ಲೋಕದ ಬಗ್ಗೆ ಕಹಿ. ಆ ಕಾಲದಲ್ಲಿ ಹೈಡಲ್‌ಬರ್ಗಿನ ವಿದ್ಯಾರ್ಥಿ ಕಾರ್ಲ್ ಯೋವಾಕಿಂ ಫ್ರೀಡ್ರಿಖ್ ಒಂದು ಕೆಲಸಕ್ಕೆ ಕೈಹಾಕಿದನು. ಜರ್ಮನ್ ವಿದ್ಯಾರ್ಥಿಗಳು ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನಗಳನ್ನು ಕೂಡಿಸಿದನು. ಪ್ರೊಫೆಸರ್ ಆಲ್ಫ್ರೆಡ್ ವೇಬರ್ ಅವರ ಬೆಂಬಲದಿಂದ 1925ರಲ್ಲಿ ಇದೇ ಊರಿನಲ್ಲಿ ವಿದ್ಯಾರ್ಥಿ ವಿನಿಮಯದ ಸಂಸ್ಥೆಯೊಂದು ಹುಟ್ಟಿತು. ಇಂದು ನಮ್ಮ ಮಕ್ಕಳು ‘ಡಾಡ್’ ಎಂದು ಕರೆಯುವ, ಸಾವಿರಾರು ಮಂದಿಗೆ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಯ ಮೂಲ ಅದೇ. ಒಬ್ಬ ವಿದ್ಯಾರ್ಥಿ ನೆಟ್ಟ ಬೀಜ ಅದು.

ಅದೇ ಕಾಲದಲ್ಲಿ ಅಮೆರಿಕದ ರಾಯಭಾರಿಯಾಗಿ ಜರ್ಮನಿಗೆ ಬಂದವರು ಜೇಕಬ್ ಗೂಲ್ಡ್ ಶುರ್ಮನ್. ತಮ್ಮ ತಾರುಣ್ಯದಲ್ಲಿ ಅವರು ಹೈಡಲ್‌ಬರ್ಗಿನಲ್ಲಿ ಪರದೇಶದ ವಿದ್ಯಾರ್ಥಿಯಾಗಿದ್ದವರು. ತಾನು ಓದಿದ ವಿದ್ಯಾಪೀಠಕ್ಕೆ ಹೊಸ ಕಟ್ಟಡ ಬೇಕೆಂದು ಅರಿತು ಅಮೆರಿಕದಲ್ಲಿ ಸುಮಾರು 5 ಲಕ್ಷ ಡಾಲರ್ ದೇಣಿಗೆ ಕೂಡಿಸಿಕೊಟ್ಟರು. 1931ರಲ್ಲಿ ‘ಹೊಸ ವಿಶ್ವವಿದ್ಯಾಲಯ’ ಕಟ್ಟಡ ಎದ್ದು ನಿಂತಿತು. ಬಾಗಿಲಿನ ಮೇಲೆ ವಿದ್ಯೆಯ ದೇವತೆ ಅಥೇನಾಳ ಮೂರ್ತಿ. ‘ಜೀವಂತ ಚೈತನ್ಯಕ್ಕೆ’ ಎಂಬ ಅರ್ಥದ ಜರ್ಮನ್ ಬರಹ. ಆ ಮಾತನ್ನು ಸೂಚಿಸಿದವರು ಅಲ್ಲಿಯೇ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ, ಯಹೂದಿ ಮೂಲದ ಫ್ರೀಡ್ರಿಖ್ ಗುಂಡೋಲ್ಫ್.

ಎರಡೇ ವರ್ಷಕ್ಕೆ ನಾಜಿಗಳು ಅಧಿಕಾರಕ್ಕೆ ಬಂದರು. 1933ರ ಏಪ್ರಿಲಿನ ಕಾನೂನಿನಂತೆ ಯಹೂದಿ ಮೂಲದ ಅಧ್ಯಾಪಕರನ್ನು ಹೊರಹಾಕುವ ಕೆಲಸ ಆರಂಭವಾಯಿತು. ಮೇ 17ರಂದು ಹೈಡಲ್‌ಬರ್ಗಿನ ವಿಶ್ವವಿದ್ಯಾಲಯದ ಚೌಕದಲ್ಲಿಯೇ ಪುಸ್ತಕಗಳನ್ನು ಸುಟ್ಟರು. ಆ ಬೆಂಕಿಯ ಸುತ್ತ ಮುಂದಾಳುಗಳಾಗಿ ನಿಂತವರು ಹೊರಗಿನ ಸೈನಿಕರಲ್ಲ, ವಿದ್ಯಾರ್ಥಿಗಳು. 1925ರಲ್ಲಿ ಬಾಗಿಲು ತೆರೆದವನೂ ವಿದ್ಯಾರ್ಥಿಯೇ, 1933ರಲ್ಲಿ ಮುಚ್ಚಿದವರಲ್ಲಿಯೂ ವಿದ್ಯಾರ್ಥಿಗಳೇ. ಜೀವನವಿಡೀ ಮಕ್ಕಳ ನಡುವೆ ಕಳೆದ ನನಗೆ ಈ ಇತಿಹಾಸದಲ್ಲಿ ಅತ್ಯಂತ ಭಯ ಹುಟ್ಟಿಸುವ ಸಂಗತಿ ಇದು.

1936ರಲ್ಲಿ ಬಾಗಿಲಿನ ಮೇಲಿನ ಬರಹವನ್ನೂ ಬದಲಿಸಿದರು. ‘ಜೀವಂತ’ ಎಂಬ ಪದ ಹೋಗಿ ‘ಜರ್ಮನ್’ ಎಂಬ ಪದ ಬಂದಿತು. ಅಥೇನಾಳ ಜಾಗದಲ್ಲಿ ಹದ್ದು ಕುಳಿತಿತು. ಭಾರತದ ಕಲೆಯನ್ನೂ ದರ್ಶನಗಳನ್ನೂ ಪಾಶ್ಚಾತ್ಯರಿಗೆ ತಿಳಿಸಿಕೊಟ್ಟ ಹೈನ್‌ರಿಖ್ ಸಿಮ್ಮರ್ ಇಲ್ಲಿಯೇ ಪಾಠ ಹೇಳುತ್ತಿದ್ದರು. ಹೆಂಡತಿ ಯಹೂದಿ ಮೂಲದವಳೆಂಬ ಕಾರಣಕ್ಕೆ 1938ರಲ್ಲಿ ಅವರನ್ನು ವಜಾ ಮಾಡಲಾಯಿತು. ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ ಅವರು 1943ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ದಾರ್ಶನಿಕ ಕಾರ್ಲ್ ಯಾಸ್ಪರ್ಸರನ್ನೂ ಇದೇ ಬಗೆಯ ಕಾರಣಕ್ಕೆ 1937ರಲ್ಲಿ ಪೀಠದಿಂದ ಇಳಿಸಿದರು. ಅವರು ಹೆಂಡತಿಯನ್ನು ಬಿಡಲಿಲ್ಲ, ಊರನ್ನೂ ಬಿಡಲಾಗಲಿಲ್ಲ. 1945ರ ಏಪ್ರಿಲ್ 14ರಂದು ಅವರಿಬ್ಬರನ್ನೂ ಸಾಗಿಸುವುದೆಂದು ಗೊತ್ತಾಗಿತ್ತು. ಅಮೆರಿಕದ ಸೇನೆ ಹೈಡಲ್‌ಬರ್ಗನ್ನು ಪ್ರವೇಶಿಸಿದ್ದು ಮಾರ್ಚ್ 30ರಂದು. ಹದಿನೈದು ದಿನಗಳ ಅಂತರದಲ್ಲಿ ಎರಡು ಜೀವ ಉಳಿದವು.

ಯುದ್ಧ ಮುಗಿದ ಮೇಲೆ ಹಳೆಯ ಬರಹವನ್ನು ಮತ್ತೆ ಬಾಗಿಲಿನ ಮೇಲೆ ಕೂರಿಸಿದರು. ವಿಶ್ವವಿದ್ಯಾಲಯ ಪುನಃ ತೆರೆಯುವ ಕೆಲಸದಲ್ಲಿ ಯಾಸ್ಪರ್ಸ್ ಮುಂದೆ ನಿಂತರು. 1962ರಲ್ಲಿ ಭಾರತ ಮತ್ತು ನೆರೆಯ ದೇಶಗಳ ಅಧ್ಯಯನಕ್ಕಾಗಿ ದಕ್ಷಿಣ ಏಷ್ಯಾ ಸಂಸ್ಥೆ ಇಲ್ಲಿ ಆರಂಭವಾಯಿತು.

ಯಾರ ಹಣ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜರ್ಮನಿಯಲ್ಲಿ ಓದು ಎಂದಿಗೂ ಉಚಿತವಾಗಿತ್ತೆಂದು ತಿಳಿಯುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯಾರ್ಥಿಗಳು ಒಂದೊಂದು ಪಾಠಕ್ಕೂ ಹಣ ತೆರುತ್ತಿದ್ದರು. ಪಶ್ಚಿಮ ಜರ್ಮನಿಯಲ್ಲಿ ಆ ಶುಲ್ಕ ಹೋದದ್ದು 1970ರ ಆಸುಪಾಸಿನಲ್ಲಿ. ಬಡವರ ಮಕ್ಕಳೂ ಓದಬೇಕೆಂದು ಜನ ಹೋರಾಡಿ ಪಡೆದದ್ದು ಅದು. 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ತೀರ್ಪಿನ ನಂತರ ಕೆಲವು ರಾಜ್ಯಗಳು ಮತ್ತೆ ಶುಲ್ಕ ಹಾಕಿದವು. ಹೈಡಲ್‌ಬರ್ಗ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2007ರಿಂದ ಸೆಮಿಸ್ಟರಿಗೆ 500 ಯೂರೋ ಇತ್ತು. ವಿದ್ಯಾರ್ಥಿಗಳೂ ಮತದಾರರೂ ವಿರೋಧಿಸಿದರು. 2012ರಲ್ಲಿ ಇಲ್ಲಿ ಅದು ರದ್ದಾಯಿತು, 2014ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲಿಯೂ.

ಆದರೆ 2017ರ ಚಳಿಗಾಲದ ಸೆಮಿಸ್ಟರಿನಿಂದ ಇದೇ ರಾಜ್ಯವು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹೊಸದಾಗಿ ಬರುವವರಿಗೆ ಸೆಮಿಸ್ಟರಿಗೆ 1500 ಯೂರೋ ಶುಲ್ಕ ವಿಧಿಸಿತು. ಡಾಕ್ಟರೇಟ್ ವಿದ್ಯಾರ್ಥಿಗಳಿಗೂ ಇನ್ನು ಕೆಲವರಿಗೂ ವಿನಾಯಿತಿ ಇಟ್ಟಿತು. ಅಂದರೆ ನಮ್ಮ ಮಕ್ಕಳಿಗೆ ಹೈಡಲ್‌ಬರ್ಗ್ ಉಚಿತವಲ್ಲ. ಬೇರೆ ಹಲವು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಶುಲ್ಕವಿರಲಿ ಇಲ್ಲದಿರಲಿ, ವೀಸಾ ಬೇಕಾದರೆ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿಯೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಹೊಲ ಅಡವಿಟ್ಟು ಕಳುಹಿಸುವವರು ಇದನ್ನು ಮೊದಲೇ ತಿಳಿದಿರಬೇಕು.

ಅಗ್ಗವೆಂದರೆ ಖರ್ಚಿಲ್ಲ ಎಂದಲ್ಲ. ಖರ್ಚನ್ನು ಬೇರೆ ಯಾರೋ ಹೊತ್ತಿದ್ದಾರೆ ಎಂದು ಅರ್ಥ. ಆ ಊರಿನ ಬಸ್ ಚಾಲಕ, ಬ್ರೆಡ್ ಮಾಡುವವನು, ಆಸ್ಪತ್ರೆಯ ದಾದಿ ಕೊಟ್ಟ ತೆರಿಗೆಯಿಂದ ಆ ಪ್ರಯೋಗಾಲಯ ನಡೆಯುತ್ತದೆ. ಬೆಲೆಯನ್ನು ಒಬ್ಬರೇ ಕೊಟ್ಟರೆ ಅದು ಸರಕು. ಊರೆಲ್ಲ ಸೇರಿ ಕೊಟ್ಟರೆ ಅದು ಕೆರೆ. ನಮ್ಮ ಹಿರಿಯರು ಕಟ್ಟಿಸಿದ ಕೆರೆಯ ನೀರಿಗೆ ಹಣ ಕೊಡಬೇಕಿರಲಿಲ್ಲ, ಆದರೆ ಹೂಳೆತ್ತುವ ದಿನ ಪ್ರತಿ ಮನೆಯಿಂದ ಒಬ್ಬರು ಬರಬೇಕಾಗಿತ್ತು. 2023ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ಪರದೇಶದ ವಿದ್ಯಾರ್ಥಿಗಳಲ್ಲಿ ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ. ಇಷ್ಟು ಜನ ನೀರು ತರುವಾಗ ಹೂಳಿನ ಮಾತೂ ನಮಗೆ ನೆನಪಿರಬೇಕು.

ನಮ್ಮ ಕಡೆಗೆ ಬಂದ ವಿದ್ಯಾರ್ಥಿಗಳು

ವಿದ್ಯೆಗಾಗಿ ಪರದೇಶಕ್ಕೆ ಹೋಗುವುದು ಒಂದೇ ದಿಕ್ಕಿನ ಪಯಣವಲ್ಲ ಎಂಬುದಕ್ಕೆ ಕನ್ನಡಿಗರಾದ ನಮ್ಮಲ್ಲಿ ಒಳ್ಳೆಯ ನಿದರ್ಶನವಿದೆ. ಹೈಡಲ್‌ಬರ್ಗ್ ಇರುವ ರಾಜ್ಯದಲ್ಲಿಯೇ ಟ್ಯೂಬಿಂಗನ್ ಎಂಬ ಇನ್ನೊಂದು ಹಳೆಯ ವಿಶ್ವವಿದ್ಯಾಲಯವಿದೆ, 1477ರಲ್ಲಿ ಸ್ಥಾಪಿತವಾದದ್ದು. ಅಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಬಂದ ಉದ್ದೇಶ ಧರ್ಮಪ್ರಚಾರ. ಆದರೆ ಇಲ್ಲಿ ಅವರು ಮೊದಲು ಆಗಬೇಕಾದದ್ದು ವಿದ್ಯಾರ್ಥಿ. ಕನ್ನಡ ಕಲಿತರು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು, ತಾಳೆಗರಿಗಳಲ್ಲಿದ್ದ ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಆ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ಲರಿಗೂ 1896ರಲ್ಲಿ ಅದೇ ವಿಶ್ವವಿದ್ಯಾಲಯದ ಗೌರವ ಸಂದಿತು. 1903ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಟ್ಯೂಬಿಂಗನ್ನಿನಲ್ಲಿಯೇ.

ಅವರಿಗೆ ಕನ್ನಡ ಕಲಿಸಿದ ಇಲ್ಲಿನ ಪಂಡಿತರೂ ಸಾಮಾನ್ಯರೂ ಶುಲ್ಕದ ಪಟ್ಟಿ ಹಿಡಿದು ನಿಂತವರಲ್ಲ. ಒಂದು ಪದದ ಅರ್ಥ ಕೇಳಿದಾಗ ಹೊಲದಲ್ಲಿದ್ದ ರೈತನೂ ಹೇಳಿರಬೇಕು. ಆ ಉತ್ತರಗಳೆಲ್ಲ ಸೇರಿ ನಮಗೇ ಒಂದು ನಿಘಂಟಾಗಿ ಹಿಂತಿರುಗಿ ಬಂದವು.

ಹೋಗುವವರಿಗೆ

ಆದ್ದರಿಂದ ಹೋಗುವ ಮಕ್ಕಳಿಗೆ ಮೇಷ್ಟ್ರ ಮಾತು ಇಷ್ಟೇ. ಪಾಠ ಇಂಗ್ಲಿಷಿನಲ್ಲಿದ್ದರೂ ಜರ್ಮನ್ ಭಾಷೆಯನ್ನು ಕಲಿಯಿರಿ. ನಿಮ್ಮ ಓದಿನ ವೆಚ್ಚವನ್ನು ಹೊತ್ತವರು ಬಸ್ಸಿನಲ್ಲಿ, ಅಂಗಡಿಯಲ್ಲಿ ಆಡುವ ಭಾಷೆ ಅದು. ಅಲ್ಲಿ ಯಾರೂ ನಿಮ್ಮ ಹಿಂದೆ ಬಿದ್ದು ಓದಿಸುವುದಿಲ್ಲ. ಏನನ್ನು ಯಾವಾಗ ಓದಬೇಕೆಂಬುದನ್ನು ಬಹುಮಟ್ಟಿಗೆ ವಿದ್ಯಾರ್ಥಿಯೇ ನಿರ್ಧರಿಸುವುದು ಅಲ್ಲಿನ ಹಳೆಯ ಪದ್ಧತಿ. ಆ ಸ್ವಾತಂತ್ರ್ಯ ಮೊದಲ ಚಳಿಗಾಲದಲ್ಲಿ ಒಂಟಿತನದಂತೆಯೂ ಕಾಣಬಹುದು. ಆಗ ಮನೆಗೆ ಫೋನ್ ಮಾಡಿ, ಅಳು ಬಂದರೆ ಅಳಿ; ಅದರಲ್ಲಿ ನಾಚಿಕೆಯಿಲ್ಲ. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟದೆ ಮೇಜಿನ ಮೇಲೆ ಬೆರಳ ಗೆಣ್ಣುಗಳಿಂದ ಕುಟ್ಟುತ್ತಾರೆ. ಅದು ಗುರುವಿಗೆ ಸಲ್ಲಿಸುವ ಗೌರವ. ನೀವೂ ಕುಟ್ಟಿರಿ.

ಎಂದಾದರೂ ಹೈಡಲ್‌ಬರ್ಗಿಗೆ ಹೋದರೆ ಹೊಸ ವಿಶ್ವವಿದ್ಯಾಲಯದ ಕಟ್ಟಡದ ಎದುರು ಒಂದು ನಿಮಿಷ ನಿಂತು ಆ ಬರಹವನ್ನು ಓದಿ. ಒಂದೇ ಪದ ಬದಲಾದದ್ದಕ್ಕೆ ಒಂದು ಪೀಳಿಗೆಯ ವಿದ್ವಾಂಸರು ದೇಶ ಬಿಟ್ಟರು. ಅಂಥ ಪದ ಬದಲಾಗತೊಡಗಿದಾಗ, ಅದು ಅಲ್ಲಿರಲಿ ಇಲ್ಲಿರಲಿ, ಸುಮ್ಮನಿರಬೇಡಿ. ನಾಳೆ ನಮ್ಮೂರಿನ ವಿಶ್ವವಿದ್ಯಾಲಯಕ್ಕೆ ಆಫ್ರಿಕಾದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಒಬ್ಬ ಹುಡುಗ ಬಂದು ಬಾಡಿಗೆ ಮನೆ ಕೇಳಿದಾಗ, ನಿಮಗೆ ಪರದೇಶದಲ್ಲಿ ಬಾಗಿಲು ತೆರೆದವರನ್ನು ನೆನೆದು ಅವನಿಗೆ ಬಾಗಿಲು ತೆರೆಯಿರಿ. ಪುಸ್ತಕ ತಾನಾಗಿ ಸದಾ ತೆರೆದಿರುವುದಿಲ್ಲ. ಯಾರಾದರೂ ಕೈಯಿಟ್ಟು ಹಿಡಿದಿರಬೇಕು.

ಎಲ್ಲರಿಗೂ ಶುಭವಾಗಲಿ.